ಕೊಡಗಲ್ಲಿ ಮನೆ ಮಾರೋಕೆ ಇಡೋ ಮುಂಚೆ ಏನೇನು ರಿಪೇರಿ, ಯಾವ್ದು ಮೊದ್ಲು ಯಾವ್ದು ಆಮೇಲೆ

ಮನೆ ಮಾರ್ಬೇಕು ಅಂತ ತೀರ್ಮಾನ ಆದ ಕೂಡ್ಲೇ ನಮ್ಮಲ್ಲಿ ಮೊದಲ ಫೋನ್ ಹೋಗೋದು ಪೈಂಟರ್‌ಗೆ. ಸೆಪ್ಟೆಂಬರಲ್ಲಿ ಮಳೆ ಒಂದು ವಾರ ಬಿಟ್ಟಿರ್ತದೆ ಅಷ್ಟೇ, ಗೋಡೆ ಇನ್ನೂ ಒದ್ದೆ, ಅದ್ರ ಮೇಲೇ ಪುಟ್ಟಿ ಎಳೆದು ಎರಡು ಕೋಟ್ ಎಮಲ್ಷನ್ ಹೊಡ್ಸಿ ಫೋಟೋ ತೆಗ್ದು ಬ್ರೋಕರ್‌ಗೆ ವಾಟ್ಸಾಪ್ ಮಾಡಿ ಆಯ್ತು. ಡಿಸೆಂಬರಲ್ಲಿ ಪಾರ್ಟಿ ನೋಡೋಕೆ ಬರೋ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿರ್ತದೆ.

ನಮ್ಮ ಚಿಕ್ಕಮ್ಮನ ಮನೆ, ಮೂರ್ನಾಡು ಹತ್ರ, ಹೀಗೇ ಆಯ್ತು. ಮೈಸೂರಿಂದ ಬಂದಿದ್ದ ಪಾರ್ಟಿ ಜೊತೆ ಅವ್ರ ತಂದೆ ಬಂದಿದ್ರು, ವಯಸ್ಸಾದವ್ರು, ಕಾಫಿ ಕುಡಿಯೋ ತನಕ ಒಂದು ಮಾತೂ ಇಲ್ಲ. ಆಮೇಲೆ ಎದ್ದು ಸೀದಾ ರೂಮಿಗೆ ಹೋಗಿ ಬೀರು ಹಿಂದೆ ಕೈ ತೂರ್ಸಿ ಗೋಡೆ ಮುಟ್ಟಿ ಬಂದ್ರು. ಬೆರಳ ತುದಿಯಲ್ಲಿ ಬಿಳಿ ಪುಡಿ. ಅದನ್ನ ಉಜ್ಜಿಕೊಳ್ತಾ "ಎಷ್ಟು ವರ್ಷದಿಂದ ಇದೆಯಮ್ಮ ಇದು?" ಅಂದ್ರು. ಚಿಕ್ಕಮ್ಮ "ಇಲ್ಲ ಸಾರ್, ಈಗ ತಾನೇ ಪೈಂಟ್ ಮಾಡ್ಸಿದ್ದು" ಅಂದ್ಬಿಟ್ಟರು, ಅಲ್ಲಿಗೆ ಕಥೆ ಮುಗೀತು. ಅವ್ರು ಆಮೇಲೆ ರೇಟಲ್ಲಿ ಇಳಿಸಿದ್ದು ಪೈಂಟಿಗೆ ಹಾಕಿದ ದುಡ್ಡಿನ ಎಷ್ಟೋ ಪಟ್ಟು.

ಅದ್ರಿಂದ ಈ ಸಲ ಪೂರ್ತಿ ಆರ್ಡರ್ ಪ್ರಕಾರ ಬರೀತಿದೀನಿ. ಕಾಗದ, ನೀರು, ಮರ, ಗೋಡೆ, ಕೊನೆಗೆ ಬಣ್ಣ. ಈ ಆರ್ಡರ್ ತಪ್ಪಿದ್ರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಹೋಗ್ತದೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯವ್ರು ಎಲ್ಲಾ ಹಂತಾನೂ ಮಾಡ್ಲೇಬೇಕು, ಕುಶಾಲನಗರ ಕಡೆ ಮಳೆ ಕಡಿಮೆ, ಗೋಡೆ ಒಣಗ್ಸೋ ತಲೆನೋವು ಅಷ್ಟಿಲ್ಲ, ಆದ್ರೆ ಅಲ್ಲಿ ಬೇರೆ ಪ್ರಶ್ನೆ ಬರ್ತದೆ, ಅದನ್ನ 11ನೇ ಹಂತದಲ್ಲಿ ಹೇಳ್ತೀನಿ.

ಕೈಯಲ್ಲಿ ಇರ್ಬೇಕಾದ ಸಾಮಾನು

ಒಳ್ಳೆ ಟಾರ್ಚು, ಸೀಮೆಸುಣ್ಣ, ಪೆನ್ಸಿಲ್, ಉದ್ದದ ಸ್ಕ್ರೂಡ್ರೈವರ್, ಅಳತೆ ಟೇಪು, ವೈರ್ ಬ್ರಷ್, ದಪ್ಪ ಪ್ಲಾಸ್ಟಿಕ್ ಶೀಟಿನ ನಾಲ್ಕೈದು ತುಂಡು, ಅಗಲದ ಅಂಟು ಟೇಪು, ಏಣಿ, ಒಂದು ನೋಟ್‌ಬುಕ್. ಮೊಬೈಲಲ್ಲಿ ಬರ್ಕೊಳ್ತೀನಿ ಅನ್ನಬೇಡಿ, ಅಟ್ಟದ ಮೇಲೆ ಒಂದು ಕೈಯಲ್ಲಿ ಟಾರ್ಚು ಹಿಡ್ಕೊಂಡು ಟೈಪ್ ಮಾಡೋಕೆ ಆಗಲ್ಲ.

ಹಂತ 1: ಕ್ಯಾಲೆಂಡರ್ ಹಾಕ್ಕೊಳ್ಳಿ

ಕೊಡಗಲ್ಲಿ ಮನೆ ರೆಡಿ ಮಾಡೋದು ಒಂದು ತಿಂಗಳ ಕೆಲಸ ಆಗಲ್ಲ, ಒಂದು ಮಳೆಗಾಲ ಪ್ಲಸ್ ಒಂದು ಬೇಸಿಗೆ ಬೇಕು. ಜೂನಿಂದ ಆಗಸ್ಟ್ ತನಕ ಬರೀ ನೋಡೋದು, ಗುರುತು ಹಾಕೋದು. ಅಕ್ಟೋಬರ್ ಮಧ್ಯ ಕಾವೇರಿ ಸಂಕ್ರಮಣ ಕಳೆದ ಮೇಲೆ ಚರಂಡಿ, ಬರೆ (ಮನೆ ಹಿಂದೆ ಗುಡ್ಡ ಕಡಿದಲ್ಲಿ ನಿಂತಿರೋ ಮಣ್ಣಿನ ಗೋಡೆ), ಹೆಂಚು. ನವೆಂಬರ್ ಡಿಸೆಂಬರಲ್ಲಿ ಬರೋ ಪುತ್ತರಿ ಸುಗ್ಗಿ ಹಬ್ಬದ ಆಸುಪಾಸಲ್ಲಿ ಮರದ ಕೆಲಸ, ಗೆದ್ದಲು ಮದ್ದು. ಜನವರಿಯಲ್ಲಿ ಗೋಡೆ ಮತ್ತೆ ವೈರಿಂಗ್. ಫೆಬ್ರವರಿ ಕೊನೆ, ಮಾರ್ಚಲ್ಲಿ ಬಣ್ಣ. ಏಪ್ರಿಲ್, ಮೇ ತೋರ್ಸೋಕೆ, ರಜೆಗೆ ಊರಿಗೆ ಬರೋರು ನೋಡೋರು ಎಲ್ಲಾ ಆವಾಗಲೇ ಜಾಸ್ತಿ.

ಇಲ್ಲಿ ಎಲ್ಲರೂ ಎಡವೋದು ಆಳಿನ ವಿಷಯದಲ್ಲಿ. ನವೆಂಬರ್ ಡಿಸೆಂಬರಿಂದ ಅರೇಬಿಕಾ ಕುಯ್ಲು, ಅದು ಮುಗೀತಿದ್ದ ಹಾಗೇ ರೋಬಸ್ಟಾ, ಜೊತೆಗೆ ಕಾಳುಮೆಣಸು, ಆ ಟೈಮಲ್ಲಿ ಮೇಸ್ತ್ರಿ ಸಿಕ್ಕಿದ್ರೂ ಅವ್ನ ಕೈಯಾಳು ಸಿಗಲ್ಲ. ಸೆಪ್ಟೆಂಬರಲ್ಲೇ ಮೇಸ್ತ್ರಿಗೂ ಮರದ ಕೆಲಸದ ಆಚಾರಿಗೂ ದಿನ ಹೇಳಿ ಸ್ವಲ್ಪ ಅಡ್ವಾನ್ಸ್ ಕೊಟ್ಟು ಇಟ್ಕೊಳ್ಳಿ.

ಅಷ್ಟು ಟೈಮ್ ಇಲ್ಲ, ಅರ್ಜೆಂಟಾಗಿ ಮಾರ್ಬೇಕು ಅಂದ್ರೆ 2, 4, 5ನೇ ಹಂತ ಮಾತ್ರ ಮಾಡಿ, ಬಣ್ಣಕ್ಕೆ ಕೈ ಹಾಕ್ಬೇಡಿ. ಹಳೇ ಗೋಡೆ ಹಳೇದಾಗೇ ಕಾಣ್ಲಿ. ಮುಚ್ಚಿಟ್ಟಿದ್ದಾರೆ ಅಂತ ಅನ್ಸೋ ಹೊಸ ಬಣ್ಣಕ್ಕಿಂತ ಅದು ಎಷ್ಟೋ ವಾಸಿ.

ಹಂತ 2: ಕಾಗದ ಜೋಡ್ಸಿ

ರಿಪೇರಿ ಬಗ್ಗೆ ಓದೋಕೆ ಬಂದೋರಿಗೆ ಇದ್ಯಾಕೆ ಅನ್ಸಬಹುದು. ಯಾಕೆ ಅಂದ್ರೆ ಕಾಗದ ಸರಿ ಇಲ್ಲದ ಮನೆಗೆ ಹಾಕಿದ ಸಿಮೆಂಟು ಎಲ್ಲಾ ನೀರಲ್ಲಿ ಹೋಮ.

ಪಹಣಿ ತೆಗೆದು 11ನೇ ಕಾಲಂ ನೋಡಿ. ಯಾವತ್ತೋ ತೀರ್ಸಿದ ಸೊಸೈಟಿ ಬೆಳೆ ಸಾಲ ಅಲ್ಲಿ ಇನ್ನೂ ಕೂತಿರ್ತದೆ, ಸಾಲ ತೀರಿದ ಪತ್ರ ಕೊಟ್ಟು ಅದನ್ನ ತೆಗ್ಸೋಕೆ ಓಡಾಟ ಉಂಟು. ಮನೆ ಪಂಚಾಯ್ತಿ ವ್ಯಾಪ್ತಿಯಲ್ಲಿದ್ರೆ ಇ-ಸ್ವತ್ತು (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11, ಪಟ್ಟಣದಲ್ಲಿದ್ರೆ ಇ-ಖಾತಾ, ಇವು ಇಲ್ಲದೆ ರಿಜಿಸ್ಟ್ರೇಷನ್ ಮುಂದೆ ಹೋಗಲ್ಲ. ಇಸಿ, ಅಂದ್ರೆ ಋಣಭಾರ ಪತ್ರ, ರಿಜಿಸ್ಟ್ರೇಷನ್ ಇಲಾಖೆಯ ಕಾವೇರಿ 2.0 ವೆಬ್‌ಸೈಟಲ್ಲಿ ಆನ್‌ಲೈನ್ ತೆಗೀಬಹುದು, ವ್ಯವಹಾರ ಇದ್ರೆ ನಮೂನೆ 15, ಏನೂ ಇಲ್ಲ ಅಂದ್ರೆ ನಮೂನೆ 16. ಲೋನ್ ಮಾಡೋ ಪಾರ್ಟಿ ಆದ್ರೆ ಬ್ಯಾಂಕಿನವ್ರು ಸಾಮಾನ್ಯವಾಗಿ 30 ವರ್ಷದ್ದು ಕೇಳ್ತಾರೆ. ಸರ್ವೆ ನಂಬರಲ್ಲಿ ಒಂದು ಭಾಗ ಮಾತ್ರ ಮಾರೋದಾದ್ರೆ 11ಇ ಸ್ಕೆಚ್ (ಆ ಭಾಗ ಅಳೆದು ತೋರ್ಸೋ ಸರ್ವೆ ನಕ್ಷೆ) ಬೇಕು, ಸರ್ವೆಯವ್ರು ಬರೋಕೆ ಟೈಮ್ ಹಿಡೀತದೆ, ಮಳೆಗಾಲದಲ್ಲೇ ಅರ್ಜಿ ಹಾಕಿ.

ಜಮ್ಮಾ ಜಾಗ (ಕೊಡಗಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಆದ್ರೆ ಇನ್ನೂ ಹುಷಾರು. ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸ್ರು ಒಂದೇ ಇದ್ರೂ ಹಕ್ಕಿರೋರು ಬೆಂಗ್ಳೂರಲ್ಲಿ ಇಬ್ರು, ದುಬೈಯಲ್ಲಿ ಒಬ್ರು ಇರ್ತಾರೆ. ಎಲ್ಲರ ಒಪ್ಪಿಗೆ ಇಲ್ದೆ ಒಂದು ಹೆಂಚೂ ಬದ್ಲಾಯ್ಸ್ಬೇಡಿ, ಆಮೇಲೆ ಖರ್ಚಿನ ಲೆಕ್ಕದಲ್ಲಿ ಅಣ್ಣ ತಮ್ಮಂದಿರು ಮಾತು ಬಿಡ್ತಾರೆ. ಜಾಗದೊಳಗೆ ಕೈಮಡ (ಕುಟುಂಬದ ಹಿರಿಯರ ಗುಡಿ) ಇದ್ರೆ ಅದೇನಾಗ್ತದೆ, ಕುಟುಂಬದವ್ರು ವರ್ಷಕ್ಕೊಂದ್ಸಲ ಬಂದು ದೀಪ ಇಡೋಕೆ ದಾರಿ ಉಂಟಾ ಅನ್ನೋದನ್ನ ಪಾರ್ಟಿ ಬರೋ ಮುಂಚೆ ಮನೆಯವ್ರೇ ಕೂತು ತೀರ್ಮಾನ ಮಾಡಿ.

ಇನ್ನೊಂದು: ಖಾತೆಯಲ್ಲಿರೋ ಅಳತೆ ಮತ್ತೆ ಮನೆಯ ಅಳತೆ ಟೇಪು ಹಿಡಿದು ತಾಳೆ ನೋಡಿ. ಹಿಂದೆ ಎಳೆದ ಬಚ್ಚಲು, ಪಕ್ಕಕ್ಕೆ ಇಳಿಸಿದ ಶೀಟು, ಇವೆಲ್ಲ ಕಾಗದದಲ್ಲಿ ಇರಲ್ಲ. ಮಾರೋ ಉದ್ದೇಶಕ್ಕೆ ಹೊಸದಾಗಿ ರೂಮ್ ಎಳೆಯೋದಂತೂ ಬೇಡವೇ ಬೇಡ.

ಹಂತ 3: ಮಳೆಯಲ್ಲಿ ಸುತ್ತು ಹಾಕಿ

ಜುಲೈಯಲ್ಲಿ ಒಂದು ದಿನ, ಬೆಳಗ್ಗಿಂದ ಬಿಡದೆ ಹೊಡೀತಿರೋ ದಿನ ನೋಡಿ ಕೊಡೆ ಹಿಡ್ಕೊಂಡು ಹೊರಡಿ. ಜಿಗಣೆ ಹತ್ತೋದು ಇದ್ದದ್ದೇ, ಕಾಲಿಗೆ ಉಪ್ಪೋ ಸುಣ್ಣವೋ ಹಚ್ಕೊಳ್ಳಿ.

ಮೊದ್ಲು ಹೊರಗೆ: ಸೂರಿನ ನೀರು ಎಲ್ಲಿ ಬೀಳ್ತದೆ, ಬಿದ್ದ ನೀರು ಗೋಡೆ ಬುಡಕ್ಕೆ ಸಿಡೀತದಾ, ಅಂಗಳದ ನೀರು ಮನೆ ಕಡೆ ವಾಲ್ತದಾ ಹೊರಗೆ ಹೋಗ್ತದಾ. ಹಿಂದಿನ ಬರೆಯಿಂದ ನೀರು ಎಲ್ಲೆಲ್ಲಿ ಒಸರ್ತದೆ, ಒಸರೋ ನೀರು ತಿಳಿಯಾ ಕೆಂಪಾ. ಆಮೇಲೆ ಒಳಗೆ: ಅಟ್ಟ ಹತ್ತಿ ಟಾರ್ಚು ಹಿಡಿದು ಹೆಂಚಿನ ಅಡಿ ನೋಡಿ, ತೊಟ್ಟಿಕ್ಕೋ ಜಾಗಕ್ಕೆ ನೇರ ಕೆಳಗೆ ಸೀಮೆಸುಣ್ಣದಲ್ಲಿ ಗುರುತು. ನೀರು ಹೆಂಚು ಒಡೆದ ಜಾಗದಲ್ಲೇ ತೊಟ್ಟಿಕ್ಕಲ್ಲ, ರೀಪು (ಹೆಂಚು ಕೂರೋ ಮರದ ಪಟ್ಟಿ) ಹಿಡ್ಕೊಂಡು ನಾಲ್ಕಡಿ ಕೆಳಗೆ ಬಂದು ಬೀಳ್ತದೆ, ಅದ್ಕೆ ಒದ್ದೆ ಗೆರೆ ಹಿಡ್ಕೊಂಡು ಮೇಲಕ್ಕೆ ಹೋಗಿ ಅಲ್ಲೊಂದು ಗುರುತು ಹಾಕಿ.

ಗೋಡೆಯಲ್ಲಿ ಒದ್ದೆ ಎಲ್ಲಿ ತನಕ ಏರಿದೆ ಅನ್ನೋದಕ್ಕೆ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಕು ಬರೀರಿ. ಬಿರುಕು ಇದ್ರೆ ಎರಡೂ ತುದಿಗೆ ಅಡ್ಡ ಗೆರೆ ಹಾಕಿ ತಾರೀಕು. ಎರಡು ತಿಂಗಳು ಬಿಟ್ಟು ನೋಡಿದಾಗ ಬಿರುಕು ಆ ಗೆರೆ ದಾಟಿದ್ರೆ ಅದು ಬರೀ ಪ್ಲಾಸ್ಟರ್ ಬಿರುಕಲ್ಲ ಅಂತ ಗೊತ್ತಾಗ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಬಿರುಕು, ಉಗುರು ಒಳಗೆ ಹೋಗೋಷ್ಟು ಅಗಲ ಇರೋ ಬಿರುಕು, ಇವೆರಡಕ್ಕೂ ಮೇಸ್ತ್ರಿ ಸಾಲಲ್ಲ, ಸಿವಿಲ್ ಇಂಜಿನಿಯರ್ ಕರ್ಸಿ.

ಏನನ್ನೂ ಈಗ ರಿಪೇರಿ ಮಾಡೋಕೆ ಹೋಗ್ಬೇಡಿ. ತೀರಾ ಸೋರೋ ಕಡೆ ಟಾರ್ಪಾಲ್, ಅಷ್ಟೇ.

ಹಂತ 4: ಬರೆ ಮತ್ತು ಚರಂಡಿ

2018ರ ಆಗಸ್ಟಲ್ಲಿ ಗುಡ್ಡ ಕುಸಿದು ಅನಾಹುತ ಆದ ಮೇಲೆ ಕೊಡಗಲ್ಲಿ ಮನೆ ನೋಡೋಕೆ ಬರೋರು ಒಳಗೆ ಕಾಲಿಡೋ ಮುಂಚೆ ಹಿಂದೆ ಹೋಗಿ ಬರೆ ನೋಡ್ತಾರೆ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಅಂತ ಹೆಸ್ರುಗಳು ಬೆಂಗ್ಳೂರಿನವ್ರಿಗೂ ಗೊತ್ತು, ಮರುವರ್ಷ ತೋರದಲ್ಲಿ ಆಗಿದ್ದೂ ಗೊತ್ತು. ಹಾಗಾಗಿ ಹಾಲ್‌ನ ಫಾಲ್ಸ್ ಸೀಲಿಂಗಿಗೆ ಹಾಕೋ ದುಡ್ಡು ಹಿಂದುಗಡೆ ಹಾಕಿ.

ಮೊದಲ ಕೆಲಸ ಬರೆಯ ತಲೆ ಮೇಲಿಂದ ಬರೋ ನೀರನ್ನ ಪಕ್ಕಕ್ಕೆ ತಿರುಗ್ಸೋದು. ಬರೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಕಾಲುವೆ, ಎರಡೂ ಪಕ್ಕ ಇಳಿಜಾರಾಗಿ, ಕೊನೆಗೆ ತೋಡಿಗೋ ರಸ್ತೆ ಚರಂಡಿಗೋ. ಪಕ್ಕದವ್ರ ತೋಟಕ್ಕೆ ಬಿಡೋದಾದ್ರೆ ಅವ್ರನ್ನ ಕೇಳಿ, ಮಾರೋ ಟೈಮಲ್ಲಿ ಪಕ್ಕದವ್ರು ಪಾರ್ಟಿ ಹತ್ರ ಒಂದು ಮಾತು ಅಂದ್ರೆ ಮುಗೀತು. ಆಮೇಲೆ ಬರೆ ಬುಡ ಮತ್ತೆ ಮನೆ ಗೋಡೆ ನಡುವಿನ ಚರಂಡಿ. ಅದ್ರಲ್ಲಿ ಕುಸಿದ ಮಣ್ಣು ತುಂಬಿ ಗೋಡೆ ಬುಡಕ್ಕೆ ಒರಗಿರ್ತದೆ, ಆ ಮಣ್ಣು ತೆಗ್ದ್ರೇ ಅರ್ಧ ಮನೆಗಳ ಹಿಂದಿನ ರೂಮಿನ ತೇವ ಇಳೀತದೆ.

ತಡೆಗೋಡೆ ಇದ್ರೆ ಅದ್ರಲ್ಲಿ ನೀರು ಹೊರಗೆ ಬರೋಕೆ ಬಿಟ್ಟಿರೋ ಪೈಪುಗಳು ನೋಡಿ. ಅದ್ರಲ್ಲಿ ಬೇರು, ಮಣ್ಣು, ಇಲಿ ಗೂಡು ಕಟ್ಟಿರ್ತದೆ, ಕಬ್ಬಿಣದ ಸರಳು ತೂರ್ಸಿ ಬಿಡ್ಸಿ. ಜೋರು ಮಳೆಯಲ್ಲೂ ಒಂದು ಪೈಪಲ್ಲೂ ನೀರು ಬರ್ತಿಲ್ಲ ಅಂದ್ರೆ ಖುಷಿ ಪಡ್ಬೇಡಿ, ನೀರೆಲ್ಲಾ ಗೋಡೆ ಹಿಂದೆ ನಿಂತು ದಬ್ತಾ ಉಂಟು ಅಂತ ಅರ್ಥ.

ಈ ಹಂತದಲ್ಲಿ ಮಾಡೋ ದೊಡ್ಡ ತಪ್ಪು ಜೆಸಿಬಿ. "ಪಾರ್ಕಿಂಗ್ ಇದ್ರೆ ರೇಟು ಬರ್ತದೆ ಸಾರ್" ಅಂತ ಬ್ರೋಕರ್ ಹೇಳ್ತಾನೆ, ಮಾರೋಕೆ ಎರಡು ತಿಂಗಳಿರುವಾಗ ಬರೆಯನ್ನ ನೆಟ್ಟಗೆ ಕಡಿದು ಎರಡು ಕಾರು ನಿಲ್ಲೋ ಜಾಗ ಮಾಡ್ತಾರೆ. ಹತ್ತಾರು ವರ್ಷದಿಂದ ಬೇರು ಹಿಡಿದು ನಿಂತಿದ್ದ ಮಣ್ಣಿನ ಬುಡ ತೆಗೆದ ಹಾಗಾಯ್ತು, ಮುಂದಿನ ಮಳೆಗೆ ಅದು ಬಂದೇ ಬರ್ತದೆ, ಕೊಳ್ಳೋನಿಗೂ ಕೆಂಪಗೆ ಹಸಿ ಬರೆ ನೋಡಿದ್ರೆ ಭಯ ಜಾಸ್ತಿಯೇ ಹೊರತು ಪಾರ್ಕಿಂಗ್ ಕಾಣಲ್ಲ. ಹಾಗೇ ಮನೆಯ ಮೇಲ್ಭಾಗದ ಇಳಿಜಾರಲ್ಲಿ ಇಂಗುಗುಂಡಿ ತೋಡೋದೂ ಬೇಡ, ನೀರು ಒಳಗೇ ಇಳಿದು ಮಣ್ಣು ಭಾರ ಆಗ್ತದೆ.

ಇವು ಕಂಡ್ರೆ ಮಾರೋ ಯೋಚನೆ ಆಚೆ ಇಡಿ, ಮೊದ್ಲು ಮನೆಯಲ್ಲಿರೋ ಜನರ ಯೋಚನೆ ಮಾಡಿ: ಬರೆ ಮೇಲೆ ನೆಲದಲ್ಲಿ ಅಡ್ಡಕ್ಕೆ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಲೈಟ್ ಕಂಬ ವಾಲಿರೋದು, ತಡೆಗೋಡೆ ಹೊಟ್ಟೆ ಬಂದಿರೋದು, ಇಲ್ಲದ ಕಡೆ ದಿಢೀರ್ ಕೆಂಪು ನೀರಿನ ಒರತೆ, ನಿನ್ನೆ ತನಕ ಸರಿಯಿದ್ದ ಬಾಗ್ಲು ಇವತ್ತು ಕಚ್ಕೊಳ್ಳೋದು.

ಮನೆ ಮೇಲೆ ಬೀಳೋ ಹಾಗಿರೋ ಮರ ತೆಗೀಬೇಕು ಅಂದ್ರೆ ಅರಣ್ಯ ಇಲಾಖೆ ಪರ್ಮಿಷನ್ ತಗೊಂಡೇ ತೆಗೀರಿ. ಬೀಟೆ ಮರಕ್ಕಂತೂ ಕೈ ಹಾಕೋಕೆ ಹೋಗ್ಬೇಡಿ. ಮಾರೋ ಮುಂಚೆ ಮರ ಕಡಿದು ಕಾಸು ಮಾಡ್ಕೊಳ್ಳೋಣ ಅಂತ ಹೋಗಿ ಕೇಸು ಹಾಕ್ಸ್ಕೊಂಡೋರು ಇದ್ದಾರೆ, ಕೇಸಿರೋ ಜಾಗ ಯಾರೂ ಮುಟ್ಟಲ್ಲ.

ಹಂತ 5: ಮಾಡು (ಛಾವಣಿ)

ಹೆಂಚಿನ ಮನೆ ಆದ್ರೆ ಮೊದ್ಲು ಪಾಚಿ. ಒಣಗಿದ ಪಾಚಿಯನ್ನ ವೈರ್ ಬ್ರಷಲ್ಲಿ ಕೆರೆದು, ಬ್ಲೀಚಿಂಗ್ ಪೌಡರ್ ನೀರು ಹಾಕಿ ಬಿಟ್ಟು, ಆಮೇಲೆ ತೊಳೀರಿ. ಪ್ರೆಷರ್ ವಾಷರ್ ಹಿಡಿಯೋರು ನೀರನ್ನ ಮೇಲಿಂದ ಕೆಳಕ್ಕೇ ಹೊಡೀಬೇಕು, ಕೆಳಗಿಂದ ಮೇಲಕ್ಕೆ ಹೊಡೆದ್ರೆ ಹೆಂಚಿನ ಸಂದಿಯಲ್ಲಿ ನೀರು ನುಗ್ಗಿ ಅಟ್ಟ ಎಲ್ಲಾ ಕೆಸರು. ಬ್ಲೀಚಿಂಗ್ ಪೌಡರ್ ಜೊತೆ ಬಾತ್‌ರೂಮ್ ತೊಳೆಯೋ ಆಸಿಡ್ ಮಾತ್ರ ಯಾವ ಕಾರಣಕ್ಕೂ ಬೆರೆಸ್ಬೇಡಿ, ಬರೋ ಗ್ಯಾಸು ಎದೆಗೆ ಹಿಡ್ಕೊಳ್ತದೆ, ಜೀವಕ್ಕೇ ಅಪಾಯ.

ಒಡೆದ ಹೆಂಚಿಗೆ ಬದ್ಲಿ ಹಾಕುವಾಗ ಅಂಗಡಿಯಿಂದ ಹೊಸದು ತಂದು ಕೂರ್ಸೋಕೆ ಹೋದ್ರೆ ಕೂರಲ್ಲ. ಒಂದೊಂದು ಫ್ಯಾಕ್ಟರಿ ಹೆಂಚಿನ ಗಾಡಿ (ಒಂದಕ್ಕೊಂದು ಕಚ್ಕೊಳ್ಳೋ ತೋಡು) ಒಂದೊಂದು ಥರ, ಕೂದಲೆಳೆ ವ್ಯತ್ಯಾಸ ಇದ್ರೂ ಅಲ್ಲೇ ಸೋರೋದು. ನಿಮ್ಮ ಹೆಂಚಿನ ಹಿಂದೆ ಅಚ್ಚಾಗಿರೋ ಹೆಸ್ರು ನೋಡ್ಕೊಂಡು, ಎಲ್ಲಾದ್ರೂ ಹಳೇ ಮನೆ ಬಿಚ್ತಿದ್ರೆ ಅದೇ ಹೆಸ್ರಿನ ಹೆಂಚು ತನ್ನಿ. ಬೇಕಾದ್ದಕ್ಕಿಂತ ಒಂದಿಪ್ಪತ್ತು ಜಾಸ್ತಿ ತಂದು ಮನೆ ಹಿಂದೆ ಜೋಡ್ಸಿಡಿ, ಕೊಳ್ಳೋ ಪಾರ್ಟಿಗೆ ಅದು ದೊಡ್ಡ ಗಿಫ್ಟು.

ಎರಡು ಮಾಡು ಸೇರೋ ಕಣಿವೆಯಲ್ಲಿ ಹಾಕಿರೋ ತಗಡು, ಅದೇ ನಿಜವಾದ ಕಳ್ಳ. ತುಕ್ಕು ಹಿಡಿದು ಸೂಜಿ ತೂತು ಆಗಿರ್ತದೆ, ಮೇಲಿಂದ ನೋಡಿದ್ರೆ ಎಲೆ ಕಸ ಮುಚ್ಚಿ ಏನೂ ಕಾಣಲ್ಲ. ಅದನ್ನ ಟಾರ್ ಬಳಿದು ಸುಧಾರ್ಸೋಕೆ ಹೋಗ್ಬೇಡಿ, ಬದ್ಲಾಯ್ಸಿ.

ಆರ್‌ಸಿಸಿ ಮನೆ ಆದ್ರೆ ತಾರಸಿ ಮೇಲೆ ಶೀಟು ಹಾಕ್ಸಿರೋದು ನಮ್ಮಲ್ಲಿ ಕಾಮನ್. ಶೀಟು ಹಾಕಿದ್ದೀವಿ ಅಂತ ಕೆಳಗಿನ ತಾರಸಿ ನೀರು ಹೋಗೋ ತೂತು ಮುಚ್ಚಿ ಗೋಣಿಚೀಲ ತುಂಬಿಟ್ಟಿರ್ತಾರೆ, ಗಾಳಿ ಮಳೆಗೆ ಪಕ್ಕದಿಂದ ಬಂದ ನೀರು ಅಲ್ಲೇ ನಿಲ್ತದೆ. ಶೀಟಿನ ಸ್ಕ್ರೂ ಬುಡದ ರಬ್ಬರ್ ವಾಷರ್ ಬಿರಿದಿದ್ರೆ ಎಲ್ಲಾ ಬದ್ಲಾಯ್ಸಿ, ಖರ್ಚು ಕಡಿಮೆ.

ಹತ್ತುವಾಗ: ಒದ್ದೆ ಹೆಂಚಿನ ಮೇಲೆ ಯಾರನ್ನೂ ಹತ್ತಿಸ್ಬೇಡಿ, ಹಲಗೆ ಹಾಕಿ ಅದ್ರ ಮೇಲೆ ನಡೀಲಿ. ಹಳೇ ಸಿಮೆಂಟ್ ಶೀಟಿನ ಮೇಲೆ ಒಣಗಿದ್ರೂ ಕಾಲಿಡೋದು ಬೇಡ, ಗೊತ್ತೇ ಆಗ್ದೆ ಮುರೀತದೆ.

ಮುಗಿದ ಮೇಲೆ ಪೈಪಲ್ಲಿ ಅರ್ಧ ಗಂಟೆ ನೀರು ಬಿಟ್ಟು, ಒಬ್ರು ಅಟ್ಟದಲ್ಲಿ ಟಾರ್ಚು ಹಿಡಿದು ನಿಂತು, ಜುಲೈಯಲ್ಲಿ ಹಾಕಿದ ಸೀಮೆಸುಣ್ಣದ ಗುರುತು ಒಂದೊಂದಾಗಿ ಅಳಿಸ್ತಾ ಬನ್ನಿ.

ಹಂತ 6: ಮರ, ಗೆದ್ದಲು

ಸ್ಕ್ರೂಡ್ರೈವರ್ ತಗೊಂಡು ಪಕಾಸು (ಮಾಡಿನ ಇಳಿಜಾರು ತೊಲೆ) ಗೋಡೆ ಮೇಲೆ ಕೂರೋ ತುದಿ, ಬಾಗಿಲು ಚೌಕಟ್ಟಿನ ಬುಡ, ಕಿಟಕಿಯ ಕೆಳ ಅಡ್ಡಪಟ್ಟಿ, ಈ ಮೂರು ಜಾಗ ಚುಚ್ಚಿ ನೋಡಿ. ಗಟ್ಟಿ ಇದ್ರೆ ಸರಿ, ಮೆತ್ತಗೆ ಒಳಗೆ ಹೋದ್ರೆ ಅದು ಹೋಯ್ತು ಅಂತ. ಗೆದ್ದಲಿನ ಮಣ್ಣಿನ ದಾರಿ ಕಂಡ ಕೂಡ್ಲೇ ಗುಡಿಸಿ ಬಣ್ಣ ಹೊಡೀಬೇಡಿ, ಅದು ಎಲ್ಲಿಂದ ಬರ್ತದೆ ಅಂತ ಮದ್ದು ಬಿಡೋರಿಗೆ ಕಾಣ್ಬೇಕು. ಗೋಡೆ ಬುಡದಲ್ಲಿ ಸುಮಾರು ಒಂದಡಿಗೊಂದು ತೂತು ಡ್ರಿಲ್ ಮಾಡಿ ಮದ್ದು ಬಿಡ್ತಾರೆ, ಮಾಡ್ಸಿದ್ರೆ ಬಿಲ್ಲು, ವಾರಂಟಿ ಕಾಗದ ಕೇಳಿ ಇಸ್ಕೊಳ್ಳಿ. ಮತ್ತೆ ಗೋಡೆಗೆ ಒರಗಿಸಿ ಜೋಡ್ಸಿರೋ ಸೌದೆ ರಾಶಿ ಮೊದ್ಲು ದೂರ ಹಾಕಿ, ಗೆದ್ದಲನ್ನ ಊಟಕ್ಕೆ ಕರೆದ ಹಾಗೆ ಅದು.

ಮಳೆಗಾಲದಲ್ಲಿ ಬಾಗ್ಲು ಉಬ್ಬಿ ಕಚ್ಕೊಳ್ತದೆ ಅಂತ ಜುಲೈಯಲ್ಲೇ ಆಚಾರಿ ಕರ್ಸಿ ಉಳಿ ಹಾಕ್ಸ್ತಾರೆ. ಏಪ್ರಿಲಲ್ಲಿ ಪಾರ್ಟಿ ಬಂದಾಗ ಅದೇ ಬಾಗ್ಲು ಒಣಗಿ ಕಿರಿದಾಗಿ ಬೆಳಕು ಕಾಣೋಷ್ಟು ಸಂದಿ ಬಿಟ್ಟಿರ್ತದೆ. ಒಣಗಿದ ಮೇಲೆ, ಜನವರಿಯಲ್ಲಿ, ಬೇಕಾದಷ್ಟೇ ಹೊಡ್ಸಿ. ಬಾಗಿಲ ತಲೆ ಮತ್ತೆ ಬುಡದ ಅಂಚಿಗೆ ಯಾರೂ ವಾರ್ನಿಷ್ ಹಚ್ಚಲ್ಲ, ಕಣ್ಣಿಗೆ ಕಾಣಲ್ಲ ಅಂತ, ಆದ್ರೆ ಮರ ನೀರು ಕುಡಿಯೋದೇ ಅಲ್ಲಿಂದ. ಕಳಚಿ ಹಚ್ಸಿ.

ಹಂತ 7: ಗೋಡೆ ಒಣಗಲಿ

ಇಲ್ಲಿ ತಾಳ್ಮೆ ಬೇಕು. ನೀರು ನಿಲ್ಲಿಸಿದ ದಿನವೇ ಗೋಡೆ ಒಣಗಲ್ಲ, ಕಲ್ಲು ಮಣ್ಣಿನ ದಪ್ಪ ಗೋಡೆಗೆ ವಾರಗಟ್ಟಲೆ ಬೇಕು. ಸಿಪ್ಪೆ ಎದ್ದ ಬಣ್ಣ, ಪೊಳ್ಳು ಪ್ಲಾಸ್ಟರ್ ಕೆರೆದು ತೆಗೆದು, ಉಪ್ಪು ಬಿಟ್ಟಿರೋ ಬಿಳಿ ಪುಡಿಯನ್ನ ಒಣ ಬ್ರಷಲ್ಲಿ ಗುಡಿಸಿ, ನೀರಲ್ಲಿ ತೊಳೀಬೇಡಿ, ತೊಳೆದ್ರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗ್ತದೆ. ಬೀರು ಮಂಚ ಎಲ್ಲಾ ಗೋಡೆಯಿಂದ ಒಂದಡಿ ಈಚೆ ಎಳೀರಿ, ಹಗಲು ಕಿಟಕಿ ತೆಗೀರಿ.

ಒಣಗಿದೆಯಾ ಅಂತ ನೋಡೋದು ಹೀಗೆ. ಒಂದಡಿ ಚೌಕದ ಪ್ಲಾಸ್ಟಿಕ್ ಗೋಡೆಗೆ ಇಟ್ಟು ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪು ಹಾಕಿ ಎರಡು ದಿನ ಬಿಡಿ. ಪ್ಲಾಸ್ಟಿಕಿನ ಒಳಗಡೆ, ಅಂದ್ರೆ ಗೋಡೆ ಕಡೆ ಹನಿ ಕಟ್ಟಿದ್ರೆ ನೀರು ಇನ್ನೂ ಗೋಡೆಯೊಳಗಿಂದ ಬರ್ತಾ ಉಂಟು, 4ಕ್ಕೋ 5ಕ್ಕೋ ವಾಪಸ್ ಹೋಗಿ. ಹೊರಗಡೆ ಹನಿ ಕಟ್ಟಿದ್ರೆ ಅದು ರೂಮಿನ ಗಾಳಿಯ ತೇವ, ಗಾಳಿಯಾಡೋ ವ್ಯವಸ್ಥೆ ಸಾಕು. ಎರಡೂ ಕಡೆ ಒಣಗಿದ್ರೆ ಮುಂದೆ ಹೋಗಿ. ಹೊಸ ಸಿಮೆಂಟ್ ಪ್ಲಾಸ್ಟರ್ ಮಾಡಿದ ಕಡೆ ಬಣ್ಣಕ್ಕೆ ಮುಂಚೆ 28 ದಿನ ಬಿಡಿ, ಪೈಂಟರ್ ಏನೇ ಹೇಳ್ಲಿ.

ತಪ್ಪು ಎರಡು. ಒಂದು, ಹೊರಗಿಂದ ಬರೋ ನೀರಿಗೆ ಒಳಗಡೆ ವಾಟರ್‌ಪ್ರೂಫ್ ಬಳಿಯೋದು. ನೀರು ಅದನ್ನೂ ಒಳಗಿಂದ ದಬ್ಬಿ ಗುಳ್ಳೆ ಮಾಡ್ತದೆ, ಇಲ್ಲಾಂದ್ರೆ ಇನ್ನೂ ಎರಡಡಿ ಮೇಲೇರಿ ಅಲ್ಲಿ ಬರ್ತದೆ. ಎರಡು, ಸುಣ್ಣದ ಗಾರೆ ಇರೋ ಹಳೇ ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತೋದು. ಸುಣ್ಣ ತೇವವನ್ನ ಹೊರಗೆ ಬಿಡ್ತದೆ, ಸಿಮೆಂಟು ಒಳಗೇ ಕಟ್ಟಿ ಹಾಕ್ತದೆ. ಅಂಥ ಗೋಡೆಗೆ ಸುಣ್ಣದ್ದೇ ತೇಪೆ, ಸುಣ್ಣದ್ದೇ ಬಳಿತ.

ಹಂತ 8: ಕರೆಂಟು, ನೀರು, ಸೆಪ್ಟಿಕ್ ಟ್ಯಾಂಕ್

ಬಣ್ಣಕ್ಕೆ ಮುಂಚೆ ಇದು ಮುಗೀಬೇಕು, ಆಮೇಲೆ ಗೋಡೆ ಕೊರೆಯೋ ಹಾಗಾಗ್ಬಾರ್ದು. ಚೆಸ್ಕಾಂ (ಕರೆಂಟ್ ಕಂಪನಿ) ಮೀಟರ್ ಇನ್ನೂ ಅಜ್ಜನ ಹೆಸ್ರಲ್ಲಿದ್ರೆ ಬದ್ಲಾಯ್ಸಿ. ಆರ್‌ಸಿಸಿಬಿಯ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಟೆಸ್ಟ್ ಬಟನ್ ಒತ್ತಿ ಬೀಳ್ತದಾ ನೋಡಿ, ಅರ್ತಿಂಗ್ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡ್ಸಿ, ನಮ್ಮ ಸಿಡಿಲಿಗೆ ಅದು ಬೇಕೇ ಬೇಕು.

ನೀರಿನ ಬಗ್ಗೆ ಪಾರ್ಟಿ ಕೇಳೋದು ಒಂದೇ, ಏಪ್ರಿಲಲ್ಲಿ ಇರ್ತದಾ ಅಂತ. ಬಾವಿ ನೀರು ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದ ರಿಪೋರ್ಟ್ ಇಟ್ಕೊಳ್ಳಿ. ಮೇಲಿನವ್ರ ತೋಟದ ಒರತೆಯಿಂದ ಪೈಪಲ್ಲಿ ನೀರು ಬರೋದಾದ್ರೆ ಅದಕ್ಕೊಂದು ಬರಹ ಬೇಕು, ಬಾಯಿ ಮಾತಿನ ನೀರು ಮಾಲೀಕ ಬದ್ಲಾದ ದಿನ ನಿಲ್ತದೆ. ಸೆಪ್ಟಿಕ್ ಟ್ಯಾಂಕ್ ಮಳೆಗಾಲದಲ್ಲಿ ಮಾತ್ರ ತುಂಬಿ ಬರೋದಾದ್ರೆ ಹೊರಗಿನ ನೀರು ನುಗ್ತಾ ಉಂಟು, ಮುಚ್ಚಳದ ಸಂದಿ, ಗೋಡೆ ಬಿರುಕು ನೋಡಿ. ಯಾರೂ ಒಳಗೆ ಇಳಿಯೋದು ಬೇಡ, ಗಾಡಿ ಕರ್ಸಿ.

ಹಂತ 9: ಈಗ ಬಣ್ಣ

ತಿಳಿ ಬಣ್ಣ, ಒಂದೇ ಬಣ್ಣ, ಎಲ್ಲಾ ರೂಮಿಗೂ. ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹೊಡ್ಸಿ ಡಿಸೈನ್ ಮಾಡ್ಸೋದು ನಿಮಗೆ ಇಷ್ಟ ಇರ್ಬಹುದು, ಮೋಡ ಕವಿದ ದಿನ ರೂಮ್ ಗುಹೆ ಥರ ಕಾಣ್ತದೆ.

ಸೌದೆ ಒಲೆ ಇದ್ದ ಅಡುಗೆಮನೆ, ಹಂಡೆ ಒಲೆಯ ಬಚ್ಚಲು, ಇವೆರಡರಲ್ಲಿ ಎಲ್ಲರೂ ಸೋಲ್ತಾರೆ. ಮಸಿ ಮೇಲೆ ನೇರ ಎಮಲ್ಷನ್ ಹೊಡೆದ್ರೆ ಮೂರೇ ದಿನಕ್ಕೆ ಕಂದು ಕಲೆ ಮೇಲೆದ್ದು ಬರ್ತದೆ, ಇನ್ನೆರಡು ಕೋಟ್ ಹೊಡೆದ್ರೂ ಬರ್ತದೆ. ವಾಷಿಂಗ್ ಸೋಡಾ ಹಾಕಿದ ಬಿಸಿ ನೀರಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗ್ಸಿ, ಆಯಿಲ್ ಬೇಸ್ ಪ್ರೈಮರ್ ಒಂದು ಕೋಟ್, ಆಮೇಲೆ ಬಣ್ಣ.

ಕೆಂಪು ರೆಡ್ ಆಕ್ಸೈಡ್ ನೆಲ ಇದ್ರೆ ದಯವಿಟ್ಟು ಅದ್ರ ಮೇಲೆ ಟೈಲ್ಸ್ ಹಾಕ್ಬೇಡಿ. ಇವತ್ತು ಸಿಟಿಯಿಂದ ಬರೋರು ಅದನ್ನೇ ಹುಡುಕ್ಕೊಂಡು ಬರ್ತಾರೆ. ಸೋಪು ನೀರಲ್ಲಿ ತೊಳೆದು ಒಣಗಿದ ಮೇಲೆ ವ್ಯಾಕ್ಸ್ ಪಾಲಿಷ್, ಅಷ್ಟು ಸಾಕು. ಮಾಡ್ಯುಲರ್ ಕಿಚನ್ನೂ ಬೇಡ, ಕೊಳ್ಳೋರು ಬಂದು ಕಿತ್ತು ಹಾಕಿ ಅವ್ರಿಗೆ ಬೇಕಾದ್ದು ಮಾಡ್ಸ್ತಾರೆ.

ಹಂತ 10: ಖಾಲಿ ಮಾಡಿ, ಫೋಟೋ ತೆಗೀರಿ

ಅಟ್ಟದ ಹಳೇ ಗೋಣಿಚೀಲ, ಮುರಿದ ಕುರ್ಚಿ, ಮೂರು ಹಳೇ ಟಿವಿ, ಎಲ್ಲಾ ಹೊರಗೆ. ಮನೆಗೆ ಅಂಟಿರೋ ಬೂಷ್ಟಿನ ವಾಸನೆ ಅರ್ಧ ಇವುಗಳದ್ದೇ. ಹಾಸಿಗೆ ದಿಂಬು ಅಂಗಳದಲ್ಲಿ ಒಣಗ್ಸಿ. ಗೋಡೆ ಮೇಲೆ ಕೋವಿ ನೇತಾಕಿದ್ರೆ ಫೋಟೋ ತೆಗೆಯೋ ಮುಂಚೆ ಒಳಗಿಟ್ಟು ಬೀಗ ಹಾಕಿ, ಅದು ಊರೆಲ್ಲಾ ಶೇರ್ ಆಗೋ ಫೋಟೋ.

ಬೆಳಗ್ಗೆ ಮಂಜು ಎದ್ದ ಮೇಲೆ, ಮೊಬೈಲ್ ಅಡ್ಡ ಹಿಡ್ಕೊಂಡು, ಎಲ್ಲಾ ಕಿಟಕಿ ತೆಗೆದು. ಮನೆ ಹಿಂದಿನ ಬರೆ ಮತ್ತೆ ತಡೆಗೋಡೆ ಫೋಟೋ ಹಾಕೋಕೆ ಹೆದರ್ಬೇಡಿ, ಹಾಕದೇ ಇದ್ರೇ ಅನುಮಾನ. ಇನ್ನು ಮಾರ್ಚ್ ಏಪ್ರಿಲಲ್ಲಿ ಕಾಫಿ ಹೂ ಅರಳ್ಸೋ ಹೂಮಳೆ ಬಂದ ದಿನ ತೋಟ ನೋಡೋಕೆ ಓಡೋ ಮುಂಚೆ ಅಟ್ಟಕ್ಕೆ ಹತ್ತಿ ಎರಡು ನಿಮಿಷ ವಿಡಿಯೋ ಮಾಡಿ, ಹೆಂಚಿನ ಮೇಲೆ ಮಳೆ ಹೊಡೆಯೋ ಸದ್ದು ಇರ್ಬೇಕು, ಕೆಳಗೆ ಹಲಗೆ ಒಣಗಿರ್ಬೇಕು. ನನ್ನ ಅನುಭವದಲ್ಲಿ ಅದಕ್ಕಿಂತ ಒಳ್ಳೆ ಜಾಹೀರಾತು ಇಲ್ಲ.

ಹಂತ 11: ಪಾರ್ಟಿ ಬಂದ ದಿನ

ನಾಯಿ ಕಟ್ಟಿ. ಏಲಕ್ಕಿ ವಾಸನೆ ರೂಮ್ ಫ್ರೆಶ್ನರ್ ಹೊಡೀಬೇಡಿ, ಏನನ್ನೋ ಮುಚ್ತಿದ್ದಾರೆ ಅನ್ಸ್ತದೆ. ಬೀರು ಗೋಡೆಯಿಂದ ಈಚೆಗೇ ಇರ್ಲಿ, ಹಿಂದೆ ಹೋಗಿ ಮುಟ್ಟಿ ನೋಡ್ಲಿ.

ರಿಪೇರಿ ಮಾಡ್ಸಿದ್ದನ್ನ ನೀವೇ ಹೇಳಿ: ಇಲ್ಲಿ ಸೋರ್ತಿತ್ತು, ತಗಡು ಬದ್ಲಾಯ್ಸಿದ್ವಿ, ಇದು ಬಿಲ್ಲು. ಇದು ಬರೀ ಒಳ್ಳೇತನದ ಮಾತಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕೊಳ್ಳೋರಿಗೆ ಸುಮ್ನೆ ನೋಡಿದ್ರೆ ಕಾಣದ ದೊಡ್ಡ ದೋಷ ನಿಮಗೆ ಗೊತ್ತಿದ್ರೆ ಹೇಳ್ಲೇಬೇಕು. ಕುಶಾಲನಗರದಲ್ಲಿ ಕಾವೇರಿ ಪಕ್ಕದ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿತ್ತು, ಅಲ್ಲಿನ ಮನೆ ಆದ್ರೆ ಮೊದಲ ಪ್ರಶ್ನೆಯೇ ಇದು. ನೀರು ಎಲ್ಲಿ ತನಕ ಬಂದಿತ್ತು ಅಂತ ಗೋಡೆ ಮೇಲೆ ಕೈಯಿಟ್ಟು ತೋರ್ಸಿ. ಹೇಗಿದ್ರೂ ಪಕ್ಕದ ಮನೆಯವ್ರು ಹೇಳ್ತಾರೆ.

ಬಿಲ್ಲುಗಳು ಇನ್ನೊಂದು ಕಾರಣಕ್ಕೂ ಬೇಕು. ತಡೆಗೋಡೆ, ಹೊಸ ಮಾಡು ಥರದ ಖರ್ಚನ್ನ ಕ್ಯಾಪಿಟಲ್ ಗೇನ್ಸ್ (ಮಾರಿದ ಲಾಭದ ಮೇಲಿನ ತೆರಿಗೆ) ಲೆಕ್ಕದಲ್ಲಿ ಕಳೀಬಹುದು, ಬಣ್ಣ ಮತ್ತೆ ಸಣ್ಣ ಪುಟ್ಟ ರಿಪೇರಿ ಸಾಮಾನ್ಯವಾಗಿ ಬರಲ್ಲ. ರೇಟು 50 ಲಕ್ಷ ಅಥವಾ ಮೇಲಿದ್ರೆ ಕೊಳ್ಳೋರು ನಿಮಗೆ ಕೊಡೋ ದುಡ್ಡಲ್ಲೇ 1% ತೆರಿಗೆ (ಟಿಡಿಎಸ್) ಹಿಡೀತಾರೆ, ಮಾರೋರಲ್ಲಿ ಯಾರಾದ್ರೂ ಎನ್‌ಆರ್‌ಐ ಇದ್ರೆ ಲೆಕ್ಕವೇ ಬೇರೆ, ಹಿಡಿಯೋದೂ ಜಾಸ್ತಿ, ಆಡಿಟರ್ ಹತ್ರ ಅಗ್ರಿಮೆಂಟಿಗೆ ಮುಂಚೆಯೇ ಕೂತ್ಕೊಳ್ಳಿ.

ಹಂತ 12: ಅಡ್ವಾನ್ಸ್ ಆದ ಮೇಲೆ ಬೀಗ ಹಾಕಿ ಹೋಗ್ಬೇಡಿ

ಮೇ ಕೊನೆಯಲ್ಲಿ ಅಗ್ರಿಮೆಂಟ್ ಆಗ್ತದೆ, ಲೋನ್ ಆಗಿ ರಿಜಿಸ್ಟ್ರೇಷನ್ ಆಗೋ ಹೊತ್ತಿಗೆ ಜುಲೈ. ಅಷ್ಟರಲ್ಲಿ ಮನೆಯವ್ರು ಸಾಮಾನು ತುಂಬ್ಕೊಂಡು ಹೋಗಿ ಎರಡು ತಿಂಗಳು ಮುಚ್ಚಿಟ್ರೆ ಒಳಗೆಲ್ಲಾ ಹಸಿರು ಬೂಷ್ಟು, ಕೊನೇ ಸಲ ನೋಡೋಕೆ ಬಂದ ಪಾರ್ಟಿ ಬಾಗಿಲಲ್ಲೇ ಮುಖ ಸಿಂಡರಿಸ್ಕೊಂಡು ಮತ್ತೆ ರೇಟಿಗೆ ಕೂರ್ತಾರೆ. ಹತ್ರ ಇರೋ ಯಾರಿಗಾದ್ರೂ ಕೀ ಕೊಟ್ಟು ವಾರಕ್ಕೆ ಎರಡು ದಿನವಾದ್ರೂ ಬಂದು ಕಿಟಕಿ ತೆಗೆದು, ಒಲೆ ಇದ್ರೆ ಒಲೆ ಹಚ್ಚಿ, ಸೂರಿನ ಗಟರ್ ಪೈಪಿನ ಎಲೆ ಕಸ ಎತ್ತಿ, ಬರೆ ಬುಡದ ಚರಂಡಿಗೆ ಒಂದು ಸಲ ಸಲಿಕೆ ಹಾಕಿ ಹೋಗೋಕೆ ಹೇಳಿ. ಅವ್ರ ಕೂಲಿ ತಿಂಗಳಿಗೆ ಎಷ್ಟು ಅಂತ ಮೊದ್ಲೇ ಮಾತಾಡಿ ಕೊಟ್ಬಿಡಿ, ನೆಂಟರು ಅಂತ ಫ್ರೀ ಹೇಳಿದ್ರೆ ಎರಡನೇ ವಾರದಿಂದ ಬರಲ್ಲ.